ಹೊತ್ತು ಮುಳುಗಿದ ಮೇಲಿನ ಮೂರನೇ ಮ್ಯಾಪು

ಮುಂದಿನ ತಿಂಗಳ ಪಂದ್ಯಾವಳಿಗೆ ಮುನ್ನೋಟ ಬರೆದು ಕೊಡಿ ಎಂದು ಸಂಪಾದಕರು ಮೂರು ಸಲ ಫೋನ್ ಮಾಡಿದ್ದಾರೆ. ಮೂರು ಸಲವೂ ಆಯಿತು ಅಂದಿದ್ದೇನೆ. ಬರೆದದ್ದು ಮಾತ್ರ ಒಂದು ಪ್ಯಾರಾ. ಕಳೆದ ಬಾರಿ ಗೆದ್ದ ಯುರೋಪಿನ ಹುಡುಗಿಯರೇ ಈ ಸಲವೂ ಮೊದಲ ನೆಚ್ಚಿನ ತಂಡ, ಅವರ ಬೆನ್ನ ಹಿಂದೆಯೇ ಬ್ರೆಜಿಲ್‌ನವರು, ಕೊರಿಯಾದವರು ಹೊಸ ತರಬೇತುದಾರನ ಕೈಯಲ್ಲಿ ಇನ್ನೂ ಪಳಗಬೇಕು. ಇಷ್ಟನ್ನು ಯಾರು ಬೇಕಾದರೂ ಬರೆಯುತ್ತಾರೆ. ನಾಲ್ಕನೇ ತಂಡದ ಹತ್ತಿರ ಬಂದ ಕೂಡಲೇ ನನ್ನ ಕೈ ನಿಂತುಬಿಡುತ್ತದೆ. ಅದು ನಮ್ಮ ದೇಶದ ತಂಡ. ಹೋದ ವರ್ಷ ಅದರ ನಾಯಕಿ ನನ್ನ ಚಿಕ್ಕಪ್ಪನ ಮಗಳು, ಅಂದರೆ ನನ್ನ ತಂಗಿ. ಈ ವರ್ಷದ ಪಟ್ಟಿಯಲ್ಲಿ ಅವಳಿಲ್ಲ. ಇಲ್ಲದ ಹಾಗೆ ಮಾಡಿದವನು ನಾನು.

ನಾನು ಬೆಳಗಾವಿಯ ಖಾಸಬಾಗದವನು. ಹಗಲೆಲ್ಲ ಒಂದು ಛಾಪಖಾನೆಯಲ್ಲಿ ಕರಡು ತಿದ್ದುತ್ತೇನೆ. ಲಗ್ನಪತ್ರಿಕೆ, ಸಂಘದ ವಾರ್ಷಿಕ ವರದಿ, ಪರೀಕ್ಷೆಯ ಗೈಡು, ಏನು ಬಂದರೂ ಸರಿ. ಅದು ಬಿಟ್ಟು ವಾರಕ್ಕೊಮ್ಮೆ ಕಂಪ್ಯೂಟರ್ ಆಟಗಳ ಬಗ್ಗೆ ಇರುವ ಒಂದು ಕನ್ನಡ ಜಾಲತಾಣಕ್ಕೆ ಬರೆಯುತ್ತೇನೆ. ನಮ್ಮ ಓಣಿಯ ಹಿರಿಯರಿಗೆ ಇದನ್ನು ಹೇಳಿದರೆ, ಢಂ ಢಂ ಅಂತ ಹೊಡೆದಾಡುವುದೂ ಒಂದು ಆಟವೇ, ಅದಕ್ಕೂ ಒಬ್ಬ ಬರೆಯುವವನು ಬೇಕೇ ಎಂದು ಮೂಗು ಮುರಿಯುತ್ತಾರೆ. ಇಪ್ಪತ್ತೆರಡು ಮಂದಿ ಬಿಸಿಲಲ್ಲಿ ಒಂದು ಚೆಂಡಿನ ಹಿಂದೆ ಓಡಿದರೆ ಅದು ಆಟ, ಹತ್ತು ಜನ ಕುರ್ಚಿಯಲ್ಲಿ ಕೂತು ತಲೆ ಓಡಿಸಿದರೆ ಹುಡುಗಾಟ. ಮೊದಮೊದಲು ಇದಕ್ಕೆ ಜಗಳ ತೆಗೆಯುತ್ತಿದ್ದೆ. ಈಗ ಸಾಕಾಗಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಕಡೆ ಐವರು, ಇನ್ನೊಂದು ಕಡೆ ಐವರು. ಒಂದು ಗುಂಪು ಬಾಂಬು ಇಡಲು ನುಗ್ಗಬೇಕು, ಇನ್ನೊಂದು ತಡೆಯಬೇಕು. ಹೀಗೆ ಹತ್ತಾರು ಸುತ್ತು ಮುಗಿದರೆ ಒಂದು ಮ್ಯಾಪು. ಮೂರು ಮ್ಯಾಪಿನಲ್ಲಿ ಎರಡು ಗೆದ್ದವರದು ಪಂದ್ಯ. ಐವರಲ್ಲಿ ಒಬ್ಬರು ಮಾತಾಡುವವರು. ಯಾರು ಯಾವ ಬಾಗಿಲಿಗೆ, ಯಾವಾಗ ಕಾಯಬೇಕು, ಯಾವಾಗ ನುಗ್ಗಬೇಕು, ಎಲ್ಲ ಅವರ ಬಾಯಿಂದಲೇ ಬರಬೇಕು. ಎರಡು ಮೂರು ತಾಸು ಬಾಯಿಗೆ ಬಿಡುವಿಲ್ಲ. ಅವರ ದನಿ ತಡವರಿಸಿದರೆ ಉಳಿದ ನಾಲ್ವರ ಕಾಲೂ ತಡವರಿಸುತ್ತದೆ.

ನನ್ನ ತಂಗಿ ಆ ಮಾತಾಡುವವಳು. ಖಾನಾಪುರದಲ್ಲಿ ಚಿಕ್ಕಪ್ಪನದು ಮೊಳೆ, ಬಣ್ಣ, ಪೈಪು ಮಾರುವ ಅಂಗಡಿ. ಅವಳು ಬೆಳೆದದ್ದೇ ಆ ಅಂಗಡಿಯ ಕಟ್ಟೆಯ ಮೇಲೆ. ಗಿರಾಕಿ ಮರಾಠಿಯಲ್ಲಿ ಕೇಳಿದರೆ ಮರಾಠಿ, ಕನ್ನಡದಲ್ಲಿ ಕೇಳಿದರೆ ಕನ್ನಡ, ಲಾರಿ ಡ್ರೈವರ್ ಬಂದರೆ ಹಿಂದಿ. ಮೂವರು ಒಟ್ಟಿಗೆ ನಿಂತರೂ ಯಾರಿಗೆ ಯಾವುದರಲ್ಲಿ ಹೇಳಬೇಕೆಂಬುದು ಅವಳ ನಾಲಿಗೆಗೆ ತಾನಾಗಿಯೇ ಗೊತ್ತಿತ್ತು. ಕಾಲೇಜಿಗೆಂದು ಬೆಳಗಾವಿಗೆ ಬಂದು ನಮ್ಮ ಮನೆಯಲ್ಲಿ ಉಳಿದಾಗ ನನ್ನ ಹಳೆಯ ಕಂಪ್ಯೂಟರ್ ಅವಳ ಕೈಗೆ ಸಿಕ್ಕಿತು. ಇಲ್ಲಿಯ ಸದಾಶಿವನಗರದ ನಾಲ್ವರು ಗೆಳೆಯರ ಜೊತೆ ನಾನೂ ಒಂದು ಕಾಲಕ್ಕೆ ತಂಡ ಕಟ್ಟಿದ್ದೆ. ಅದು ಎದ್ದಷ್ಟೇ ಬೇಗ ಬಿದ್ದುಹೋಗಿತ್ತು. ತಂಗಿ ಕೂತ ಎಂಟೇ ದಿನದಲ್ಲಿ ನನಗೆ ಗೊತ್ತಾಯಿತು, ನಾನು ಐದು ವರ್ಷ ಆಡಿ ಕಲಿಯದ್ದು ಇವಳಿಗೆ ಬಂದುಬಿಟ್ಟಿದೆ ಎಂದು. ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಆ ಉರಿಯೆಲ್ಲ ಹೆಮ್ಮೆಯಾಯಿತು, ಆ ಹೆಮ್ಮೆಯೇ ಮುಂದೆ ಅವಳನ್ನು ಮುಳುಗಿಸಿತು.

ದೇಶದ ತಂಡವೊಂದು ಅವಳನ್ನು ಕರೆದಾಗ ಚಿಕ್ಕಪ್ಪ ಬೇಡವೆಂದ. ದೂರದ ಊರಲ್ಲಿ ತರಬೇತಿ ಮನೆಯಂತೆ, ಗುರುತು ಪರಿಚಯ ಇಲ್ಲದ ಜನ, ಆಮೇಲೆ ಪರದೇಶ. ಕೊನೆಗೆ ತೀರ್ಮಾನ ಕೊಟ್ಟವಳು ನಮ್ಮ ಅಜ್ಜಿ. ಅವಳನ್ನು ನಾವು ಆಯಿ ಅನ್ನುತ್ತಿದ್ದೆವು. ಆಯಿ ಈಗ ಇಲ್ಲ. ಇದ್ದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವುದು ಆಯಿಗೆ ಉಸಿರಾಡಿದಷ್ಟು ಸಹಜ. ನಾನಂತೂ ಎಂದೋ ಬಿಟ್ಟವನು. ಖಾನಾಪುರಕ್ಕೆ ಹೋದಾಗ ಮಾತ್ರ ಸಂಜೆ ಆರಕ್ಕೇ ತಾಟಿನ ಮುಂದೆ ಸಜ್ಜನನ ಹಾಗೆ ಕೂರುತ್ತಿದ್ದೆ. ತಂಗಿ ಹಾಗಲ್ಲ, ಅವಳಿಗೆ ಅದರಲ್ಲಿ ನಿಜವಾಗಿ ನಂಬಿಕೆಯಿತ್ತು. ಆಯಿ ಅವಳನ್ನು ಹತ್ತಿರ ಕೂರಿಸಿಕೊಂಡಳು.

"ಎಲ್ಲಿಗರೆ ಹೋಗು, ಏನರೆ ಆಡು. ಹೊತ್ತ ಮುಳುಗಿದ ಮ್ಯಾಲೆ ಬಾಯಾಗ ನೀರಿನ ಹನಿನೂ ಹಾಕೂದಿಲ್ಲ ಅಂತ ನನ್ನ ಕೈಯಾಗ ಕೈ ಇಟ್ಟ ಹೇಳು."

ತಂಗಿ ಕೈ ಇಟ್ಟು ಹೇಳಿದಳು. ಮೂರು ವರ್ಷ ಆ ಮಾತನ್ನು ಉಳಿಸಿಕೊಂಡಳು. ತರಬೇತಿ ಮನೆಯಲ್ಲಿ ಉಳಿದವರು ಹರಟುತ್ತ ತಡವಾಗಿ ಉಂಡರೆ ಇವಳು ಐದೂವರೆಗೇ ಒಬ್ಬಳೇ ತಾಟು ಹಾಕಿಕೊಂಡು ಕೂರುತ್ತಿದ್ದಳಂತೆ. ಜೊತೆಯವರು ಮೊದಲು ನಕ್ಕರು, ಆಮೇಲೆ ಅವಳ ಊಟದ ಹೊತ್ತು ನೋಡಿ ಅಭ್ಯಾಸದ ವೇಳೆ ಬದಲಿಸಿಕೊಂಡರು. ಅದು ಆ ಮನೆಯೊಳಗಿನ ಮಾತಾಗಿಯೇ ಉಳಿದಿತ್ತು. ನಾಯಕಿಯಾದಳು, ತಂಡ ಗೆಲ್ಲತೊಡಗಿತು, ಹೋದ ವರ್ಷ ಪೂರ್ವದ ಒಂದು ದೊಡ್ಡ ನಗರದಲ್ಲಿ ನಡೆಯುವ ಹೆಣ್ಣುಮಕ್ಕಳ ಅಂತರರಾಷ್ಟ್ರೀಯ ಪಂದ್ಯಾವಳಿಗೆ ಆಯ್ಕೆಯಾಯಿತು. ಅವಳ ಒಪ್ಪಂದ ಮುಗಿಯುವುದೂ ಆಗಲೇ. ಚೆನ್ನಾಗಿ ಆಡಿದರೆ ಜಾಗ ಉಳಿಯುತ್ತದೆ, ಇಲ್ಲವಾದರೆ ಅಂಗಡಿಯ ಕಟ್ಟೆ. ಅವಳೇ ಹಾಗೆ ಹೇಳಿದ್ದಳು, ನಗುತ್ತ.

ಆ ಪಂದ್ಯಾವಳಿ ಬಂದದ್ದು ಸರಿಯಾಗಿ ಭಾದ್ರಪದದಲ್ಲಿ, ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ. ಆ ದಿನಗಳಲ್ಲಿ ಅವಳದು ಒಪ್ಪತ್ತು. ದಿನಕ್ಕೆ ಒಂದೇ ಊಟ, ನೀರು ಹೊತ್ತು ಮುಳುಗುವ ತನಕ ಮಾತ್ರ. ಅವಳು ಆ ನಗರದ ಸೂರ್ಯಾಸ್ತದ ವೇಳೆಯನ್ನು ಫೋನಿನಲ್ಲಿ ಬರೆದಿಟ್ಟುಕೊಂಡಿದ್ದಳು. ಅದನ್ನು ನನಗೂ ಕಳಿಸಿದ್ದಳು.

ಮುನ್ನೋಟ ಬರೆಯುವುದಕ್ಕೆ ನಮ್ಮ ಸಂಪಾದಕರದು ಒಂದೇ ಪಟ್ಟು: ಪ್ರತಿಯೊಂದು ತಂಡದ ಬಗ್ಗೆ ಬೇರೆಲ್ಲೂ ಸಿಗದ ಒಂದು ಮಾತಾದರೂ ಇರಬೇಕು. ಯುರೋಪಿನವರ ಬಗ್ಗೆ, ಬ್ರೆಜಿಲ್‌ನವರ ಬಗ್ಗೆ ಖಾಸಬಾಗದ ಮಾಳಿಗೆಯಲ್ಲಿ ಕೂತ ನನಗೆ ಒಳಮಾತು ಎಲ್ಲಿಂದ ಬರಬೇಕು? ಇಂಗ್ಲಿಷಿನ ಪುಟಗಳನ್ನು ಓದಿ, ಹಳೆಯ ಪಂದ್ಯ ನೋಡಿ, ಹೇಗೋ ಹೊಂದಿಸುತ್ತಿದ್ದೆ. ಆ ಸಲ ಮಾತ್ರ ನನ್ನ ಕೈಯಲ್ಲಿ ನಿಜವಾದ ಒಳಮಾತಿತ್ತು. ಬರೆದೆ. ನಮ್ಮ ನಾಯಕಿ ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟುವವಳಲ್ಲ, ಅಜ್ಜಿಗೆ ಕೊಟ್ಟ ಮಾತು, ಮೂರು ವರ್ಷದಿಂದ ತಪ್ಪಿಲ್ಲ. ಈ ಹತ್ತು ದಿನ ಒಂದೇ ಊಟ. ಸಂಜೆಯ ಪಂದ್ಯ ಮೂರನೇ ಮ್ಯಾಪಿಗೆ ಹೋದರೆ ಅವಳ ಗಂಟಲು ಒಣಗಿ ದನಿ ಇಳಿಯುತ್ತದೆ, ಹಾಗಾಗಿ ನಮ್ಮವರು ಎರಡರಲ್ಲೇ ಮುಗಿಸಲು ನೋಡಬೇಕು. ಕೊನೆಗೆ ಆ ನಗರದಲ್ಲಿ ಸೂರ್ಯ ಮುಳುಗುವ ವೇಳೆಯನ್ನೂ ಕೊಟ್ಟೆ. ಓದುಗರಿಗೆ ಉಪಯೋಗವಾಗಲಿ ಎಂದು.

ಕರಡು ತಿದ್ದುವವನಲ್ಲವೇ, ಮೂರು ಸಲ ಓದಿದೆ. ಕಣ್ಣು ಕಾಗುಣಿತ ನೋಡಿತು, ಅಲ್ಪವಿರಾಮ ನೋಡಿತು. ಏನು ಹೇಳುತ್ತಿದ್ದೇನೆ ಎಂದು ನೋಡಲಿಲ್ಲ.

ನನ್ನ ತಲೆಯಲ್ಲಿದ್ದದ್ದು ಇಷ್ಟೇ: ಕನ್ನಡದಲ್ಲಿ ಬರೆದದ್ದು ಅಂದರೆ ಮನೆಯಲ್ಲಿ ಕೂತು ಮಾತಾಡಿದ ಹಾಗೆ. ಇಲ್ಲಿಯ ನಾವು ಚಿಕ್ಕಂದಿನಿಂದ ಹಾಗೇ ಬೆಳೆದವರು. ಕನ್ನಡ ಬಾರದ ಪರ ಊರಿನವರು ಬಂದು ಕೂತರೆ ಅವರ ಎದುರಿಗೇ ಕನ್ನಡದಲ್ಲಿ ಚಹಕ್ಕೆ ಹಾಲಿಲ್ಲ ಅನ್ನುತ್ತೇವೆ, ಅವರು ಯಾವಾಗ ಏಳುತ್ತಾರೆ ಎಂದೂ ಕೇಳುತ್ತೇವೆ. ಬೆಂಗಳೂರಿನವರೇ ನಮ್ಮ ಮಾತು ತಿಳಿಯುವುದಿಲ್ಲ ಅನ್ನುವಾಗ ಯುರೋಪಿನವರು ಓದುತ್ತಾರೆಂದು ಯಾರಿಗೆ ಗೊತ್ತು? ಓದಿದ್ದು ನಮ್ಮವರೇ ಅಂದುಕೊಂಡೆ. ಬಸದಿಯ ವಾಟ್ಸಾಪ್ ಗುಂಪಿನಲ್ಲಿ ಅದು ಹರಿದಾಡಿತು. ಚಿಕ್ಕಪ್ಪ ಆಯಿಗೆ ಎರಡು ಸಲ ಓದಿ ಹೇಳಿದನಂತೆ, ಆಯಿ ಕಣ್ಣೊರೆಸಿಕೊಂಡಳಂತೆ. ನಾನು ಎರಡು ದಿನ ಎದೆ ಉಬ್ಬಿಸಿಕೊಂಡು ತಿರುಗಿದೆ.

ಮೊದಲ ಎರಡು ಪಂದ್ಯ ಬೆಳಿಗ್ಗೆಯೇ ಇದ್ದವು. ನಮ್ಮವರು ಗೆದ್ದರು. ಸೆಮಿಫೈನಲ್ ಯುರೋಪಿನವರ ಜೊತೆ, ಅಲ್ಲಿಯ ಸಂಜೆ ನಾಲ್ಕಕ್ಕೆ. ಇಲ್ಲಿ ಆಗ ಮಧ್ಯಾಹ್ನ. ಅದನ್ನು ಆಯಿಯ ಜೊತೆ ನೋಡಬೇಕೆಂದು ರಜೆ ಹಾಕಿ ಖಾನಾಪುರಕ್ಕೆ ಹೋದೆ. ಚಿಕ್ಕಪ್ಪ ಅಂಗಡಿಯಲ್ಲಿದ್ದ, ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ ಅಂದ. ನಾನು ಫೋನನ್ನು ಟಿವಿಗೆ ಜೋಡಿಸಿದೆ. ಆಯಿ ಬೆತ್ತದ ಕುರ್ಚಿಯಲ್ಲಿ ಕೂತಳು, ಪಕ್ಕದಲ್ಲಿ ನೀರಿನ ತಂಬಿಗೆ. ಅವಳ ಕಣ್ಣು ಅಷ್ಟು ಸರಿಯಿರಲಿಲ್ಲ, ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಮೊಮ್ಮಗಳ ಮುಖ ಇದೆ ಎಂದರೆ ಹೌದು ಹೌದು ಅನ್ನುತ್ತಿದ್ದಳು.

ಮೊದಲ ಮ್ಯಾಪು ನಮ್ಮದಾಯಿತು. ಇಷ್ಟು ಸಲೀಸಾಗಿ ಆ ತಂಡವನ್ನು ಯಾರೂ ಹೊಡೆದದ್ದನ್ನು ನಾನು ನೋಡಿರಲಿಲ್ಲ. ಎರಡನೆಯದರಲ್ಲಿ ಅವರು ಆಟವನ್ನೇ ಬದಲಿಸಿದರು. ನುಗ್ಗಿ ಆಡುವುದಕ್ಕೆ ಹೆಸರಾದವರು ನುಗ್ಗುವುದನ್ನೇ ಬಿಟ್ಟರು. ಪ್ರತಿಯೊಂದು ಸುತ್ತಿನಲ್ಲಿ ಗಡಿಯಾರದ ಕೊನೆಯ ಸೆಕೆಂಡುಗಳ ತನಕ ಸುಮ್ಮನೆ ಮೂಲೆಗಳಲ್ಲಿ ನಿಂತರು. ಟೈಮ್ ಔಟ್ ತೆಗೆದುಕೊಂಡರು, ಇನ್ನೊಂದು ತೆಗೆದುಕೊಂಡರು. ಒಬ್ಬಳ ಹೆಡ್‌ಫೋನು ಸರಿಯಿಲ್ಲವೆಂದು ಬಹಳ ಹೊತ್ತು ನಿಲ್ಲಿಸಿದರು. ವೀಕ್ಷಕ ವಿವರಣೆಯವರಿಗೂ ಆಶ್ಚರ್ಯ. ನಾನು ಗೋಡೆಯ ಗಡಿಯಾರ ನೋಡಿ ಅಲ್ಲಿಯ ವೇಳೆ ಲೆಕ್ಕ ಹಾಕಿದೆ. ಆ ಆಟಕ್ಕೆ ಇರುವ ಅರ್ಥ ಒಂದೇ, ಅವರಿಗೆ ಹೊತ್ತು ಕಳೆಯಬೇಕಿತ್ತು. ಎಳೆದು ಎಳೆದು ಹೆಚ್ಚುವರಿ ಸುತ್ತುಗಳಲ್ಲಿ ಆ ಮ್ಯಾಪನ್ನು ಅವರು ಗೆದ್ದರು.

"ಅಲ್ಲೆ ಹೊತ್ತ ಮುಳುಗೇತೇನು?" ಆಯಿ ಕೇಳಿದಳು.

ಮುಳುಗಿದೆ ಅಂದೆ. ನಮ್ಮ ಅಂಗಳದಲ್ಲಿ ಇನ್ನೂ ಮೂರೂವರೆಯ ಬಿಸಿಲು. ಆಯಿ ತಂಬಿಗೆಯನ್ನು ಕೈಯಿಂದ ದೂರ ಸರಿಸಿದಳು. ಮೊಮ್ಮಗಳ ಆಟ ಮುಗಿಯುವ ತನಕ ತಾನೂ ನೀರು ಕುಡಿಯುವುದಿಲ್ಲ ಅಂದಳು.

ಮೂರನೇ ಮ್ಯಾಪಿನ ಅರ್ಧಕ್ಕೆ ನಮ್ಮವರು ಹಿಂದೆ ಬಿದ್ದಿದ್ದರು. ಬಿಡುವಿನಲ್ಲಿ ನಮ್ಮ ತಂಡದ ತರಬೇತುದಾರ ಬಂದು ತಂಗಿಯ ಹತ್ತಿರ ಬಗ್ಗಿ ತನ್ನ ಫೋನು ತೋರಿಸಿದ. ಅವಳು ಬಹಳ ಹೊತ್ತು ಅದನ್ನು ಓದಿದಳು. ಅವನು ಏನೋ ಹೇಳುತ್ತಿದ್ದ, ಅವಳು ತಲೆ ಎತ್ತಲಿಲ್ಲ. ಅವನು ನೀರಿನ ಬಾಟಲಿ ತೆಗೆದು ಅವಳ ಮುಂದಿಟ್ಟು ಹೋದ. ಆಟ ಮತ್ತೆ ಶುರುವಾಗಲು ಕೆಲವು ಕ್ಷಣ ಉಳಿದಿದ್ದವು. ತಂಗಿ ಬಾಟಲಿಯ ಮುಚ್ಚಳ ತಿರುಗಿಸಿ, ತಲೆ ಹಿಂದಕ್ಕೆ ಮಾಡಿ, ಕುಡಿದಳು. ಗುಟುಕಲ್ಲ, ಅರ್ಧ ಬಾಟಲಿ ಕುಡಿದಳು.

ಏನು ಮಾಡುತ್ತಿದ್ದಾಳೆ ಎಂದು ಆಯಿ ಕೇಳಿದಳು. ಮುಖ ಒರೆಸಿಕೊಳ್ಳುತ್ತಿದ್ದಾಳೆ ಅಂದೆ.

ನೀರು ಕುಡಿದೂ ಸೋತಳು. ಅದನ್ನು ನೆನೆದಾಗ ಈಗಲೂ ನನಗೆ ಎಲ್ಲಿಯಾದರೂ ಹೋಗಿ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ. ಗೆದ್ದಿದ್ದರೆ ಮಾತು ಮುರಿದದ್ದಕ್ಕೆ ಒಂದು ಕಾರಣವಾದರೂ ಇರುತ್ತಿತ್ತು. ನೀರಿನಿಂದ ದನಿ ಬಂದಿರಬೇಕು, ಆದರೆ ಅವಳು ಮಾತಾಡುವುದನ್ನೇ ಬಿಟ್ಟಿದ್ದಳು. ಪರದೆಯ ಚೌಕದಲ್ಲಿ ತುಟಿ ಅಲುಗಲಿಲ್ಲ. ಉಳಿದ ನಾಲ್ವರು ದಿಕ್ಕು ತಪ್ಪಿದವರ ಹಾಗೆ ಒಬ್ಬೊಬ್ಬರಾಗಿ ಸತ್ತರು. ಪಂದ್ಯ ಮುಗಿದ ಮೇಲೆ ಗೆದ್ದ ತಂಡದ ನಾಯಕಿಯನ್ನು ಮಾತಾಡಿಸಿದರು. ಚಿಕ್ಕ ಹುಡುಗಿ, ನಗುಮುಖ. ಎದುರಾಳಿ ನಾಯಕಿ ಸಂಜೆಯ ಮೇಲೆ ನೀರು ಕುಡಿಯುವುದಿಲ್ಲವೆಂದು ತಮ್ಮ ಕಡೆಯವರೊಬ್ಬರು ಯಾವುದೋ ಸ್ಥಳೀಯ ಭಾಷೆಯ ಲೇಖನವನ್ನು ಯಂತ್ರದಿಂದ ಅನುವಾದ ಮಾಡಿಸಿ ಕಂಡುಹಿಡಿದಿದ್ದರು, ಹಾಗಾಗಿ ಮೂರನೇ ಮ್ಯಾಪಿಗೆ ಎಳೆಯುವುದೇ ತಮ್ಮ ಯೋಜನೆಯಾಗಿತ್ತು ಅಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ತನ್ನ ಕೆಲಸ ಮಾಡಿದ್ದಳು. ಆಯಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಸೋತರು ಎಂದಷ್ಟೇ ಹೇಳಿ ಟಿವಿ ಆರಿಸಿದೆ. ಆಯಿ ತಂಬಿಗೆ ಎತ್ತಿ ನೀರು ಕುಡಿದಳು.

ಎರಡು ವಾರಕ್ಕೆ ತಂಗಿಯನ್ನು ತಂಡದಿಂದ ಬಿಟ್ಟರು. ಒಪ್ಪಂದ ಮುಂದುವರಿಸುವುದಿಲ್ಲ, ಎಲ್ಲ ಹೊತ್ತಿನಲ್ಲೂ ಮಾತಾಡಬಲ್ಲ ನಾಯಕಿ ಬೇಕು ಎಂದು ಒಂದು ಮೇಲ್ ಬಂತಂತೆ. ಬೆಳಗಾವಿಯ ಸ್ಟೇಷನ್ನಿಗೆ ನಾನೇ ಹೋದೆ. ಅವಳ ಬ್ಯಾಗನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಖಾನಾಪುರದ ಹಾದಿ ಹಿಡಿದೆ. ಹಾದಿಯುದ್ದಕ್ಕೂ ಕ್ಷಮೆ ಕೇಳುವ ಮಾತನ್ನು ಮನಸ್ಸಿನಲ್ಲಿ ತಿದ್ದುತ್ತಲೇ ಇದ್ದೆ. ಪೀರನವಾಡಿಯಲ್ಲಿ ಚಹಕ್ಕೆ ನಿಲ್ಲಿಸಿದೆ. ಅವಳು ಗ್ಲಾಸನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೇಳಿದ್ದು ಲೇಖನದ ಮಾತಲ್ಲ.

"ಆಯಿ ನೋಡಿದ್ಲೇನು?"

ಇಲ್ಲ, ನೀನು ಮುಖ ಒರೆಸಿಕೊಳ್ಳುತ್ತಿದ್ದಿ ಅಂತ ಅವಳಿಗೆ ಹೇಳಿದೆ ಅಂದೆ. ಅವಳು ತಲೆಯಾಡಿಸಿದಳು. ಆಮೇಲೆ ನಿಧಾನವಾಗಿ ಎಲ್ಲ ಹೇಳಿದಳು. ತರಬೇತುದಾರ ತೋರಿಸಿದ್ದು, ಪಂದ್ಯದ ನಡುವೆ ಯಾರೋ ಅವನಿಗೆ ಕಳಿಸಿದ್ದ ನನ್ನ ಮುನ್ನೋಟದ ಇಂಗ್ಲಿಷ್ ಅನುವಾದ. ಕೆಳಗೆ ನನ್ನ ಹೆಸರಿರಲಿಲ್ಲ, ಆದರೆ ಅಜ್ಜಿಗೆ ಕೊಟ್ಟ ಮಾತು ಎಂಬುದನ್ನು ಓದಿದ ಕೂಡಲೇ ಬರೆದವನು ನಾನೆಂದು ಗೊತ್ತಾಯಿತಂತೆ. ಇಷ್ಟೆಲ್ಲ ಜಗತ್ತಿಗೇ ಗೊತ್ತಾಗಿದೆ, ಇನ್ನು ಕುಡಿದರೇನು ಎಂದು ಅವನು ಅಂದನಂತೆ. ಆ ಹೊತ್ತಿಗೆ ಅವಳಿಗೂ ಹಾಗೇ ಅನ್ನಿಸಿತಂತೆ. ನಾನು ತಪ್ಪಾಯಿತು ಅಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನೀರು ಕುಡಿದದ್ದನ್ನು ಮಾತ್ರ ಎಲ್ಲೂ ಬರೆಯಬೇಡ ಎಂದು ಕೇಳಿಕೊಂಡಳು. ಬರೆಯುವುದಿಲ್ಲ ಅಂದೆ.

ಖಾನಾಪುರದಲ್ಲಿ ಆಯಿ ಅವಳನ್ನು ಕಂಡ ಕೂಡಲೇ ದೃಷ್ಟಿ ತೆಗೆದಳು. ಅಂದಿನಿಂದ ಬಂದವರಿಗೆಲ್ಲ ಒಂದೇ ಮಾತು: ಸೋತಳು, ಕೆಲಸ ಹೋಯಿತು, ಆದರೆ ನನ್ನ ಮೊಮ್ಮಗಳು ಹೊತ್ತು ಮುಳುಗಿದ ಮೇಲೆ ನೀರು ಮುಟ್ಟಲಿಲ್ಲ. ಬಸದಿಯಲ್ಲಿ ಹೆಂಗಸರು ತಂಗಿಯ ತಲೆ ಸವರಿದರು. ಚಿಕ್ಕ ಹುಡುಗಿಯರನ್ನು ಕರೆದು ಇವಳನ್ನು ನೋಡಿ ಕಲಿಯಿರಿ ಅಂದರು. ಎರಡು ವಾರವಾದ ಮೇಲೆ ತಂಗಿ ಬಸದಿಗೆ ಹೋಗುವುದನ್ನು ಬಿಟ್ಟಳು. ಆಟದಿಂದ ಸೋತು ಬಂದಿದ್ದಾಳೆ, ಬೇಸರ ಇರುತ್ತದೆ ಎಂದು ಎಲ್ಲರೂ ಸುಮ್ಮನಾದರು. ಅಂಗಡಿಯ ಕಟ್ಟೆಯ ಮೇಲೆ ಕೂತು ಮೊಳೆ ತೂಗುತ್ತಿದ್ದಳು. ಗಿರಾಕಿ ಯಾವ ಭಾಷೆಯಲ್ಲಿ ಕೇಳಿದರೂ ಬೆರಳು ತೋರಿಸಿ ಲೆಕ್ಕ ಹೇಳುತ್ತಿದ್ದಳಂತೆ.

ಕಾರ್ತಿಕದಲ್ಲಿ ನಾನು ಹೋದಾಗ ಆಯಿ ಮಂಚ ಹಿಡಿದಿದ್ದಳು. ನನ್ನ ಕೈ ಹಿಡಿದುಕೊಂಡು, ನೀನು ಬರೆಯುವವನು, ಅವಳು ಸೋತದ್ದನ್ನು ಊರೆಲ್ಲ ಬರೆದಿರುತ್ತಾರೆ, ಮಾತು ಉಳಿಸಿಕೊಂಡದ್ದನ್ನು ಯಾರೂ ಬರೆದಿಲ್ಲ, ಅದನ್ನು ಬರೆ ಅಂದಳು. ತಂಗಿ ಬಾಗಿಲಲ್ಲಿ ನಿಂತಿದ್ದಳು. ಇಲ್ಲವೆನ್ನಲು ಅವಳೇ ಏನಾದರೂ ನೆಪ ಹೇಳಲಿ ಎಂದು ಅವಳ ಕಡೆ ನೋಡಿದೆ.

"ಬರಿ ಅಣ್ಣಾ," ಅಂದಳು. "ಆಯಿ ಹೇಳಾಕತ್ತಾಳಲ್ಲ."

ಬರೆದೆ. ಇನ್ನೊಂದು ಚಿಕ್ಕ ಪಂದ್ಯಾವಳಿಯ ಮುನ್ನೋಟದಲ್ಲಿ, ನೆಚ್ಚಿನ ತಂಡಗಳ ಪಟ್ಟಿಯ ಕೆಳಗೆ, ಕೊನೆಯ ಪ್ಯಾರಾದಲ್ಲಿ. ಸೆಮಿಫೈನಲ್ಲಿನಲ್ಲಿ ಸೋತರೂ ನಮ್ಮ ನಾಯಕಿ ಅಜ್ಜಿಗೆ ಕೊಟ್ಟ ಮಾತನ್ನು ಬಿಡಲಿಲ್ಲ, ಗಂಟಲು ಒಣಗಿ ದನಿ ನಿಂತರೂ ಒಂದು ಹನಿ ನೀರು ಮುಟ್ಟಲಿಲ್ಲ ಎಂದು ಬರೆದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಒಂದು ಅಕ್ಷರವನ್ನೂ ತಿದ್ದಬೇಕಾಗಲಿಲ್ಲ. ಅದು ಬಂದ ದಿನ ಖಾನಾಪುರಕ್ಕೆ ಹೋದೆ. ಚಿಕ್ಕಪ್ಪ ಊರಲ್ಲಿರಲಿಲ್ಲ, ನಾನು ಓದುತ್ತೇನೆ ಎಂದು ಫೋನು ತೆಗೆದೆ. ಆಯಿ ಬೇಡ ಅಂದಳು, ಹುಡುಗಿಯ ಬಾಯಿಂದಲೇ ಕೇಳಬೇಕು ಅಂದಳು. ತಂಗಿ ನನ್ನ ಕೈಯಿಂದ ಫೋನು ತೆಗೆದುಕೊಂಡು ಮಂಚದ ತುದಿಗೆ ಕೂತು, ಒಂದು ಹನಿ ನೀರು ಮುಟ್ಟಲಿಲ್ಲ ಎಂಬಲ್ಲಿಯ ತನಕ, ಎಲ್ಲೂ ತಡವರಿಸದೆ, ಆಯಿಗೆ ಕೇಳುವಷ್ಟು ಗಟ್ಟಿಯಾಗಿ ಓದಿದಳು.